ಎಂಟು ಬಾರ್ ದಾಟುವುದು ಹೇಗೆ? ಗುರುವಿಲ್ಲದೆ ಎಲೆಕ್ಟ್ರಾನಿಕ್ ಸಂಗೀತ ಕಟ್ಟುತ್ತಿರುವವರಿಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಕೆಳಗೆ ಜೀನ್ಸ್ ಹೊಲಿಯುವ ಘಟಕ, ಮೇಲೆ ಹತ್ತಡಿ ಉದ್ದ ಹತ್ತಡಿ ಅಗಲದ ನನ್ನ ರೂಮು. ಅದರಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಒಂದು ಜೋಡಿ ಸ್ಪೀಕರ್, ಒಂದು ಪುಟ್ಟ ಕೀಬೋರ್ಡ್. ನಾಲ್ಕು ವರ್ಷದಿಂದ ಯಾರ ಹತ್ತಿರವೂ ಹೋಗದೆ, ವಿಡಿಯೋ ನೋಡಿ ನೋಡಿ ಟ್ರ್ಯಾಕ್ ಮಾಡುತ್ತಿದ್ದೇನೆ. ಮೊದಲ ವರ್ಷ ದಿನಕ್ಕೊಂದು ಹೊಸದು ಗೊತ್ತಾಗುತ್ತಿತ್ತು. ಆಮೇಲೆ ಗಾಡಿ ನಿಂತುಬಿಟ್ಟಿತು. ಒಂದು ರಾತ್ರಿ ಫೋಲ್ಡರ್ ತೆರೆದು ಎಣಿಸಿದೆ. 140 ಪ್ರಾಜೆಕ್ಟ್ ಇದ್ದವು. ಪೂರ್ತಿ ಮುಗಿದದ್ದು 3. ಉಳಿದವೆಲ್ಲ ಎಂಟು ಬಾರಿನ ತುಣುಕುಗಳು (ಬಾರ್ ಅಂದರೆ ನಾಲ್ಕು ಬೀಟ್‌ನ ಒಂದು ಸುತ್ತು). ಕೇಳೋಕೆ ಚೆನ್ನಾಗಿವೆ, ಆದರೆ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಸೋದರಮಾವ ಚಿಕ್ಕವರಿದ್ದಾಗ ತಬಲಾ ಕಲಿತವರು. ಅವರ ಗುರುಗಳು ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಬೋಲ್ (ತಬಲಾದ ಅಕ್ಷರ) ತಪ್ಪಿದ ಕೂಡಲೇ ಕೈ ಎತ್ತುತ್ತಿದ್ದರು. ಅಷ್ಟೇ. ಮತ್ತೆ ಮೊದಲಿನಿಂದ. ಒಂದೇ ಕಾಯದಾ, ಅಂದರೆ ಒಂದೇ ಪಾಠ, ಎರಡು ತಿಂಗಳು. ಇದನ್ನು ಕೇಳಿದಾಗ ನನಗೆ ನನ್ನ ತೊಂದರೆ ಏನಂತ ಹೊಳೆಯಿತು. ಮಾಹಿತಿ ನನ್ನ ಹತ್ತಿರ ಬೇಕಾದಷ್ಟಿತ್ತು. ತಪ್ಪಿದಾಗ ಕೈ ಎತ್ತುವವರು ಇರಲಿಲ್ಲ. ತಾನೇ ಕಲಿಯುವವರು ಆ ಎತ್ತಿದ ಕೈಯನ್ನು ತಮ್ಮ ಕೆಲಸದೊಳಗೇ ಎಲ್ಲಾದರೂ ಇಟ್ಟುಕೊಳ್ಳಬೇಕು. ಅದನ್ನು ಎಲ್ಲೆಲ್ಲಿ ಇಡಬಹುದು ಅಂತ ಈ ಎರಡು ವರ್ಷದಲ್ಲಿ ನಾನು ಕಂಡುಕೊಂಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

1. ಆರು ತಿಂಗಳು ಹೊಸ ಪ್ಲಗಿನ್ ಬೇಡ

ಒಂದು ಮ್ಯೂಸಿಕ್ ಸಾಫ್ಟ್‌ವೇರ್, ಒಂದು ಸಿಂಥ್, ಒಂದು ಡ್ರಮ್ ಫೋಲ್ಡರ್. ಅಷ್ಟಕ್ಕೆ ಗೆರೆ ಎಳೆಯಿರಿ. ಸಿಂಥ್ ಅಂದರೆ ಶಬ್ದ ಹುಟ್ಟಿಸುವ ಸಾಧನ, ಪ್ಲಗಿನ್ ಅಂದರೆ ಮ್ಯೂಸಿಕ್ ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್. ದುಡ್ಡಿಲ್ಲದವರಿಗೂ ದಾರಿ ಇದೆ. ಎಲ್‌ಎಂಎಂಎಸ್ ಅನ್ನುವ ಮ್ಯೂಸಿಕ್ ಸಾಫ್ಟ್‌ವೇರ್ ಪೂರ್ತಿ ಉಚಿತ. ರೀಪರ್ ಅನ್ನು 60 ದಿನ ಯಾವ ಅಡ್ಡಿಯೂ ಇಲ್ಲದೆ ಬಳಸಿ ನೋಡಬಹುದು. ಎಫ್‌ಎಲ್ ಸ್ಟುಡಿಯೋದ ಟ್ರಯಲ್‌ನಲ್ಲಿ ಒಂದು ವಿಷಯ ಗಮನದಲ್ಲಿರಲಿ: ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಕೊಳ್ಳುವ ತನಕ ಅದನ್ನು ಮತ್ತೆ ತೆರೆಯಲು ಆಗುವುದಿಲ್ಲ. ಸಿಂಥ್ ಬೇಕೆಂದರೆ ಸರ್ಜ್ ಎಕ್ಸ್‌ಟಿ ಇದೆ, ವೈಟಲ್‌ನ ಉಚಿತ ಆವೃತ್ತಿ ಇದೆ. ಎರಡರಲ್ಲಿ ಒಂದನ್ನೇ ಹಿಡಿಯಿರಿ.

ಆ ಒಂದು ಸಿಂಥ್‌ನಲ್ಲಿ ವಾರಕ್ಕೊಂದು ಶಬ್ದವನ್ನು ಸೊನ್ನೆಯಿಂದ ಮಾಡಿ. ಪ್ರೀಸೆಟ್, ಅಂದರೆ ಸಿದ್ಧ ಶಬ್ದ, ಮುಟ್ಟಬೇಡಿ. ಒಂದು ಸಾ-ಟೂತ್ ಅಲೆ, ಒಂದು ಫಿಲ್ಟರ್, ಒಂದು ಎನ್ವಲಪ್ (ಶಬ್ದ ಏರಿ ಇಳಿಯುವ ಬಗೆ) ಸಾಕು. ಫಿಲ್ಟರ್ ಕಟ್‌ಆಫ್ (ಅದರ ಮೇಲಿನ ಶಬ್ದ ತಡೆಯುವ ಗೆರೆ) ಇಳಿಸುತ್ತಾ ಹೋದಂತೆ ಶಬ್ದ ಹೇಗೆ ಮಂಕಾಗುತ್ತದೆ ಅನ್ನುವುದನ್ನು ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರೆ, ಹತ್ತು ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

2. ರೂಮು ಹೇಳುವ ಸುಳ್ಳನ್ನು ತಿಳಿದುಕೊಳ್ಳಿ

ನಮ್ಮ ಕಡೆ ಮನೆಗಳೆಂದರೆ ಸಿಮೆಂಟ್ ಗೋಡೆ, ಆರ್‌ಸಿಸಿ ಮೇಲ್ಛಾವಣಿ, ನೆಲಕ್ಕೆ ಹಾಸುಗಲ್ಲು ಇಲ್ಲವೇ ಟೈಲ್ಸ್. ಚಪ್ಪಾಳೆ ತಟ್ಟಿ ನೋಡಿ, ಖಣ್ ಅಂತ ವಾಪಸ್ ಬರುತ್ತದೆ. ಇಂಥ ರೂಮಿನಲ್ಲಿ ಸ್ಪೀಕರ್ ಇಟ್ಟು ಮಿಕ್ಸ್ ಮಾಡಿದರೆ (ಶಬ್ದಗಳನ್ನು ಒಂದಕ್ಕೊಂದು ಹೊಂದಿಸಿದರೆ) ನಿಮ್ಮ ಟ್ರ್ಯಾಕ್ ಜೊತೆ ಗೋಡೆಯೂ ಹಾಡುತ್ತಿರುತ್ತದೆ.

ಬೇಸ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತಡಿ ಅಂದರೆ 3.05 ಮೀಟರ್. ಅದರ ಎರಡರಷ್ಟರಿಂದ 343 ಅನ್ನು ಭಾಗಿಸಿದರೆ ಸುಮಾರು 56 ಬರುತ್ತದೆ. ಅಂದರೆ ಹತ್ತಡಿಯ ರೂಮು 56 ಹರ್ಟ್ಸ್ ಆಸುಪಾಸಿನ ಶಬ್ದಕ್ಕೆ ತಾನೇ ಗುಂಯ್‌ಗುಡುತ್ತದೆ. ಗೋಡೆಗೆ ಒರಗಿ ಕೂತರೆ ಆ ಬೇಸ್ ಭಾರಿ ಕೇಳುತ್ತದೆ. ನಟ್ಟನಡುವೆ ಕೂತರೆ ಮಾಯ. ಉದ್ದ ಅಗಲ ಎರಡೂ ಒಂದೇ ಆದ ಚೌಕ ರೂಮಿನಲ್ಲಿ ತೊಂದರೆ ಇಮ್ಮಡಿ, ಯಾಕೆಂದರೆ ಎರಡೂ ಕಡೆಯಿಂದ ಅದೇ 56 ಸೇರಿಕೊಳ್ಳುತ್ತದೆ. ನಮ್ಮ ಕಿಕ್ ಡ್ರಮ್ ಇರುವುದೂ ಹೆಚ್ಚುಕಮ್ಮಿ ಅಲ್ಲೇ. ನಾನು ಒಂದು ವರ್ಷ ರೂಮಿನ ನಡುವೆ ಕೂತು ಬೇಸ್ ಸಾಲದು ಸಾಲದು ಅಂತ ಏರಿಸುತ್ತಲೇ ಇದ್ದೆ.

ಏನು ಮಾಡಬಹುದು? ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಎರಡನ್ನು ಮಡಿಸಿ ಸ್ಪೀಕರ್ ಎದುರಿನ ಗೋಡೆಗೂ ಪಕ್ಕದ ಗೋಡೆಗಳಿಗೂ ತೂಗುಹಾಕಿ. ಖಣಖಣ ಕಡಿಮೆಯಾಗುತ್ತದೆ. ಆದರೆ ಕೌದಿ ತಡೆಯುವುದು ಮೇಲಿನ ಶಬ್ದವನ್ನು ಮಾತ್ರ, ಬೇಸ್‌ಗೆ ದಪ್ಪ ಬೇಕು. ಬಳ್ಳಾರಿಯಲ್ಲಿ ನಮಗೊಂದು ಅನುಕೂಲ ಇದೆ: ಜೀನ್ಸ್ ಚಿಂದಿ. ಕೆಳಗಿನ ಘಟಕದವರನ್ನು ಕೇಳಿ ಎರಡು ಚೀಲ ತಂದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ಆಳದ ಕಟ್ಟಿಗೆ ಚೌಕಟ್ಟು ಮಾಡಿಸಿ, ಚಿಂದಿಯನ್ನು ಗಟ್ಟಿಯಾಗಿ ಒತ್ತದೆ ಸಡಿಲವಾಗಿ ತುಂಬಿ, ಮೇಲೆ ಗಾಳಿ ಆಡುವ ತೆಳು ಹತ್ತಿ ಬಟ್ಟೆ ಹೊಲಿಸಿದೆ. ಅಂಥವು ನಾಲ್ಕು, ಮೂಲೆಗೊಂದು. ವೈರು, ಸ್ವಿಚ್ ಬೋರ್ಡಿನಿಂದ ದೂರ ಇಡಿ, ಹತ್ತಿ ಬೆಂಕಿ ಹಿಡಿಯುತ್ತದೆ. ಇಷ್ಟಾದ ಮೇಲೂ 100 ಹರ್ಟ್ಸ್ ಕೆಳಗಿನ ವಿಷಯಕ್ಕೆ ರೂಮನ್ನು ನಂಬಬೇಡಿ. ಹೆಡ್‌ಫೋನ್ ಹಾಕಿ, ಯಾವ ಹರ್ಟ್ಸ್ ಎಷ್ಟು ಜೋರು ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ನೋಡಿ. ಸ್ಪ್ಯಾನ್ ಅನ್ನುವ ಪ್ಲಗಿನ್ ಉಚಿತ.

ಜೋರಾಗಿ ಕೇಳುವ ಚಟ ಬಿಡಿ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಜೋರಾದಾಗ ತುಂಬಿಕೊಂಡಂತೆ ಅನಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಜೋರಾಗಿ ಇಟ್ಟರೆ ಕೆಟ್ಟ ಮಿಕ್ಸ್ ಕೂಡ ಚೆನ್ನಾಗೇ ಇದೆ ಅನಿಸುತ್ತದೆ. ಕಿವಿಯ ಆರೋಗ್ಯವೂ ಇದೆ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ ಅನ್ನುತ್ತಾರೆ, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ.

ಬಿಸಿಲಿನ ಮಾತೂ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಕಾದು ನಿಧಾನವಾಗಿ ಶಬ್ದ ಪಟಪಟ ಒಡೆಯುತ್ತದೆ. ಆಗ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಆಡಿಯೋ ಬಫರ್ ಅನ್ನು (ಒಂದು ಸಲಕ್ಕೆ ಎಷ್ಟು ಶಬ್ದ ಸಿದ್ಧ ಮಾಡಿಕೊಳ್ಳಬೇಕು ಅನ್ನುವ ಲೆಕ್ಕ) 1024ಕ್ಕೆ ಏರಿಸಿ. ಕೀಬೋರ್ಡ್ ನುಡಿಸುವಾಗ ಮಾತ್ರ 128ಕ್ಕೆ ಇಳಿಸಿ, ಇಲ್ಲವಾದರೆ ಒತ್ತಿದ್ದು ತಡವಾಗಿ ಕೇಳುತ್ತದೆ. ಸಿಂಥ್ ಕೆಲಸ ಮುಗಿದಿದ್ದರೆ ಆ ಸಿಂಥ್ ಸಾಲನ್ನು ಬೌನ್ಸ್ ಮಾಡಿಬಿಡಿ, ಅಂದರೆ ಆಡಿಯೋ ಫೈಲ್ ಆಗಿ ಬದಲಿಸಿಬಿಡಿ. ಅದರಿಂದ ಇನ್ನೊಂದು ಲಾಭ: ಮತ್ತೆ ಮತ್ತೆ ಅದೇ ನಾಬ್ ತಿರುಗಿಸುವ ಆಸೆ ನಿಲ್ಲುತ್ತದೆ. ನಾನು ಬೆಳಿಗ್ಗೆ ಐದರಿಂದ ಏಳರವರೆಗೆ ಕೂರುತ್ತೇನೆ. ತಂಪೂ ಇರುತ್ತದೆ, ಕಿವಿಯೂ ತಾಜಾ ಇರುತ್ತದೆ.

3. ಒಂದು ಟ್ರ್ಯಾಕನ್ನು ಬಿಚ್ಚಿ ನೋಡಿ

ನಿಮಗೆ ತುಂಬಾ ಇಷ್ಟವಾದ ಒಂದೇ ಒಂದು ಟ್ರ್ಯಾಕ್ ಆರಿಸಿ. ಅದೇ ನಿಮ್ಮ ಮೊದಲ ಗುರು. ಸಾಫ್ಟ್‌ವೇರ್ ಒಳಗೆ ಎಳೆದು ತನ್ನಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಹೊಂದಿಸಿ, ಮೊದಲ ಕಿಕ್ ಸರಿಯಾಗಿ ಬಾರಿನ ಮೇಲೆ ಬೀಳುವಂತೆ ಕೂರಿಸಿ. ಆಮೇಲೆ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಎಂಟು ಬಾರಿಗೊಮ್ಮೆ ನಿಲ್ಲಿಸಿ, ಏನು ಬಂತು, ಏನು ಹೋಯಿತು ಅಂತ ಬರೆಯಿರಿ.

ನಾನು ಬಿಚ್ಚಿದ್ದು 124 ಬಿಪಿಎಂನ ಒಂದು ಹೌಸ್ ಟ್ರ್ಯಾಕ್, ಹೌಸ್ ಅನ್ನುವುದು ಒಂದು ಬಗೆಯ ಡಾನ್ಸ್ ಸಂಗೀತ. ಆ ವೇಗದಲ್ಲಿ ನಿಮಿಷಕ್ಕೆ 31 ಬಾರ್. ಐದು ನಿಮಿಷಕ್ಕೆ 155. ನನ್ನ ನೋಟ್‌ಬುಕ್‌ನಲ್ಲಿ ಹೀಗಿದೆ: 1ರಿಂದ 16ನೇ ಬಾರ್, ಕಿಕ್ ಮತ್ತು ಹ್ಯಾಟ್ (ಚಿಕ್ಕ ತಾಳದಂಥ ಶಬ್ದ) ಮಾತ್ರ. 17ರಲ್ಲಿ ಬೇಸ್ ಬಂತು, ಫಿಲ್ಟರ್ ಮುಚ್ಚಿದೆ. 25ರಲ್ಲಿ ಚಪ್ಪಾಳೆ. 32ರ ಕೊನೇ ಬೀಟ್‌ನಲ್ಲಿ ಕಿಕ್ ಇಲ್ಲ. 33ರಲ್ಲಿ ಎಲ್ಲವೂ ಒಟ್ಟಿಗೆ. ಇಷ್ಟು ಬರೆದಾಗ ನಾನು ಬೆರಗಾದೆ. ಇಡೀ ಟ್ರ್ಯಾಕಿನಲ್ಲಿ ಬೇರೆ ಬೇರೆ ಶಬ್ದ ಇದ್ದದ್ದು ಬರೀ ಒಂಬತ್ತು. ನನ್ನ ಎಂಟು ಬಾರಿನ ತುಣುಕಿನಲ್ಲೇ ಇಪ್ಪತ್ತೆರಡು ಇದ್ದವು. ಆ 32ನೇ ಬಾರಿನ ಕೊನೆಯಲ್ಲಿ ಒಂದು ಕಿಕ್ ತೆಗೆದದ್ದೇ ಮುಂದಿನದಕ್ಕೆ ಅಷ್ಟು ಬಲ ಕೊಟ್ಟಿತ್ತು.

ಈಗ ಅದೇ ಲೆಕ್ಕದ ಮೇಲೆ ನಿಮ್ಮ ಶಬ್ದಗಳನ್ನು ಕೂರಿಸಿ. ಎಲ್ಲಿ ಅವರು ಬೇಸ್ ತಂದರೋ ಅಲ್ಲಿ ನಿಮ್ಮ ಬೇಸ್. ಅವರ ರಾಗವನ್ನಾಗಲಿ ಶಬ್ದವನ್ನಾಗಲಿ ತೆಗೆದುಕೊಳ್ಳಬೇಡಿ, ಅಸ್ಥಿಪಂಜರ ಮಾತ್ರ. ಇದನ್ನು ಎಲ್ಲೂ ಹಾಕಲೂಬೇಡಿ. ಇದು ರಿಯಾಜು.

ಹೋಲಿಸಿ ಕೇಳುವಾಗ ಒಂದು ಎಚ್ಚರ. ಬಿಡುಗಡೆಯಾದ ಟ್ರ್ಯಾಕ್ ಮಾಸ್ಟರ್ ಆಗಿರುತ್ತದೆ, ಅಂದರೆ ಕೊನೆಯ ಹದ ಮಾಡಿ ಜೋರು ಏರಿಸಿರುತ್ತಾರೆ, ಹಾಗಾಗಿ ನಿಮ್ಮದಕ್ಕಿಂತ ಜೋರು. ಜೋರಾಗಿದ್ದದ್ದೇ ಚೆಂದ ಅಂತ ಕಿವಿ ತೀರ್ಮಾನ ಕೊಟ್ಟುಬಿಡುತ್ತದೆ. ಅದರ ಫೇಡರ್ (ಜೋರು ಏರಿಸಿ ಇಳಿಸುವ ಗುಂಡಿ) ಇಳಿಸಿ, ಎರಡೂ ಒಂದೇ ಜೋರು ಅನಿಸಿದ ಮೇಲೆ ಹೋಲಿಸಿ. ನಾನು ಸಾಮಾನ್ಯವಾಗಿ 6ರಿಂದ 8 ಡೆಸಿಬಲ್ ಇಳಿಸಬೇಕಾಗುತ್ತದೆ.

4. ಕೂಡಿಸುತ್ತಾ ಹೋಗಬೇಡಿ, ಕಳೆಯಿರಿ

ಎಂಟು ಬಾರಿನಲ್ಲಿ ಸಿಕ್ಕಿಬೀಳುವುದು ಯಾಕೆ? ಅದು ಲೂಪ್ ಆಗಿ ಸುತ್ತುತ್ತಿದ್ದರೆ ಹಿತವಾಗಿರುತ್ತದೆ. ಹಿತ ಕಡಿಮೆಯಾದಾಗ ಇನ್ನೊಂದು ಶಬ್ದ ಸೇರಿಸುತ್ತೇವೆ. ಹೀಗೆ ಎಂಟೇ ಬಾರಿನಲ್ಲಿ ಐದು ನಿಮಿಷದ ಸರಕು ತುಂಬಿಬಿಡುತ್ತೇವೆ. ಆಮೇಲೆ ಮುಂದಕ್ಕೆ ಹೋಗಲು ಏನೂ ಉಳಿದಿರುವುದಿಲ್ಲ.

ಆ ತುಂಬಿದ ತುಣುಕನ್ನು ಹಾಗೇ ಹನ್ನೆರಡು ಸಲ ಕಾಪಿ ಮಾಡಿ, 96 ಬಾರ್ ಉದ್ದಕ್ಕೆ ಹಾಸಿ. ಈಗ ಅಳಿಸುತ್ತಾ ಬನ್ನಿ. ಮೊದಲ 16 ಬಾರಿನಲ್ಲಿ ಎರಡು ಶಬ್ದ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ನಡುವೆ 16 ಬಾರ್ ಕಿಕ್ ತೆಗೆಯಿರಿ. ಪ್ರತಿ ಎಂಟು ಬಾರಿಗೆ ಒಂದು ಬದಲಾವಣೆ ಇರಲಿ. ಒಂದು ಗಂಟೆಯಲ್ಲಿ ಮೂರು ನಿಮಿಷದ ಟ್ರ್ಯಾಕಿನ ಆಕಾರ ನಿಮ್ಮ ಮುಂದಿರುತ್ತದೆ. ಒರಟಾಗಿರುತ್ತದೆ, ಇರಲಿ.

ಮುಗಿಸಲು ಗಡುವು ಬೇಕು. ನಾನು ಅಮಾವಾಸ್ಯೆ, ಹುಣ್ಣಿಮೆ ಇಟ್ಟುಕೊಂಡಿದ್ದೇನೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಕೆಲಸವೇ ಇಲ್ಲ, ಮನೆಯಲ್ಲಿ ಅಮ್ಮ ನೆನಪಿಸುತ್ತಾರೆ. ಹದಿನೈದು ದಿನಕ್ಕೊಂದು ಟ್ರ್ಯಾಕ್, ಎರಡು ನಿಮಿಷದ್ದಾದರೂ ಸರಿ, ಮೊದಲಿನಿಂದ ಕೊನೆಯವರೆಗೆ, ಎಕ್ಸ್‌ಪೋರ್ಟ್ ಮಾಡಿದ ಫೈಲ್. ಆ ದಿನ ಹೇಗಿದೆಯೋ ಹಾಗೆ ಮುಚ್ಚಿಡಬೇಕು. ಚೆನ್ನಾಗಿಲ್ಲ ಅಂತ ಇನ್ನೊಂದು ವಾರ ತೆಗೆದುಕೊಳ್ಳುವುದು ಬೇಡ. ವರ್ಷಕ್ಕೆ 24 ಆಗುತ್ತವೆ. 140ರಲ್ಲಿ 3 ಮುಗಿಸಿದವನಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ನೀವೇ ಯೋಚಿಸಿ. ಟ್ರ್ಯಾಕಿನ ಕೊನೇ ಮೂವತ್ತು ಸೆಕೆಂಡ್ ಹೇಗೆ ಮಾಡಬೇಕು ಅನ್ನುವುದು ಕೊನೆಯವರೆಗೆ ಹೋದವರಿಗೆ ಮಾತ್ರ ಎದುರಾಗುವ ಪ್ರಶ್ನೆ.

5. ಕಿಕ್ ಮತ್ತು ಬೇಸ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ನನಗೆ ಅತಿ ಹೆಚ್ಚು ನೋವು ಕೊಟ್ಟ ಜಾಗ ಇದೇ.

ಒಂದು ವರ್ಷ ಗಣೇಶ ಹಬ್ಬಕ್ಕೆ ಮುಂಚೆ, ಪರಿಚಯದ ಸೌಂಡ್ ಸಿಸ್ಟಮ್‌ನವರ ಗೋಡೌನ್‌ಗೆ ಹೋಗಿದ್ದೆ. ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಕಟ್ಟುವ ಮುನ್ನ ಟೆಸ್ಟ್ ಮಾಡುತ್ತಿದ್ದರು. ನನ್ನ ಟ್ರ್ಯಾಕ್ ಹಾಕಿ ಅಂತ ಪೆನ್‌ಡ್ರೈವ್ ಕೊಟ್ಟೆ. ಹೆಡ್‌ಫೋನ್‌ನಲ್ಲಿ ಎರಡೂ ಕಿವಿ ತುಂಬಿ ಹರಿಯುತ್ತಿದ್ದ ಬೇಸ್ ಅದು, ತುಂಬಾ ಹೆಮ್ಮೆ ಇತ್ತು. ಹಾಕಿದರು. ಹ್ಯಾಟ್ ಕೇಳಿತು, ಚಪ್ಪಾಳೆ ಕೇಳಿತು. ಅಷ್ಟು ದೊಡ್ಡ ಬಾಕ್ಸುಗಳ ಮುಂದೆ ನಿಂತರೂ ಎದೆಗೆ ಏನೂ ತಾಗಲಿಲ್ಲ. ಅವರು ಫೇಡರ್ ಮೇಲೆ ಕೆಳಗೆ ಮಾಡಿ ನೋಡಿ, "ತಮ್ಮಾ, ನೀ ಹೆಡ್‌ಫೋನ್‌ನ್ಯಾಗ ಏನ್ ಕೇಳ್ತಿ ಗೊತ್ತಿಲ್ಲ, ಇಲ್ಲಿ ಬೇಸ್ ಬರವಲ್ದು" ಅಂದರು. ಮುಂದಿನ ಹಾಡು ಹಾಕಿದರು. ಎದೆ ನಡುಗಿತು.

ಆಗಿದ್ದು ಇಷ್ಟು. ಬೇಸ್ ಅಗಲವಾಗಿ ಕೇಳಲಿ ಅಂತ ನಾನು ಸ್ಟೀರಿಯೋ ಎಫೆಕ್ಟ್ ಹಾಕಿದ್ದೆ. ಅದು ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಲೆ ಕಳಿಸುತ್ತಿತ್ತು. ಅವರ ಸಿಸ್ಟಮ್ ಮೋನೋ. ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿದಾಗ, ಎಡದ ಅಲೆ ಏರುವ ಹೊತ್ತಿಗೆ ಬಲದ್ದು ಇಳಿಯುತ್ತಿದ್ದರಿಂದ ಒಂದನ್ನೊಂದು ಹೊಡೆದುಹಾಕಿದವು. ಹೆಡ್‌ಫೋನ್‌ನಲ್ಲಿ ಎರಡೂ ಬೇರೆ ಬೇರೆ ಕಿವಿಗೆ ಹೋಗುವುದರಿಂದ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ 120 ಹರ್ಟ್ಸ್ ಕೆಳಗಿನದೆಲ್ಲ ಮೋನೋ ಇರಲಿ. ಬೇಸ್‌ಗೆ ಅಗಲ ಬೇಕಿದ್ದರೆ ಅದನ್ನು ಎರಡು ಪದರ ಮಾಡಿ: ಕೆಳಗಿನದು ಸಾದಾ ಸೈನ್ ಅಲೆ, ಮೋನೋ. ಮೇಲಿನದಕ್ಕೆ ಲೋ ಕಟ್ ಹಾಕಿ (ಕೆಳಗಿನ ಹರ್ಟ್ಸ್ ಕತ್ತರಿಸಿ) ಬೇಕಾದಷ್ಟು ಅಗಲ ಮಾಡಿ. ಮಾಸ್ಟರ್‌ನಲ್ಲಿ ಮೋನೋ ಬಟನ್ ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಒತ್ತಿ ನೋಡಿ. ಒತ್ತಿದಾಗ ಏನಾದರೂ ಮಾಯವಾದರೆ ಅಲ್ಲೇ ನಿಲ್ಲಿ.

ಎರಡನೆಯದು, ಜಾಗದ ಜಗಳ. ಕೆಳಗಿನ ಎ ಸ್ವರ 55 ಹರ್ಟ್ಸ್, ಜಿ 49. ನಿಮ್ಮ ಕಿಕ್ ಕೂಡ 55ರಲ್ಲೇ ಇದ್ದು, ಬೇಸ್ ಎ ನುಡಿಸಿದರೆ ಎರಡೂ ಸೇರಿ ಕೆಸರಾಗುತ್ತದೆ. ಮೊದಲು ಯಾರು ಕೆಳಗೆ ಅಂತ ತೀರ್ಮಾನ ಮಾಡಿ. ಕಿಕ್ ಚಿಕ್ಕದಾಗಿ ಗಟ್ಟಿಯಾಗಿದ್ದರೆ ಬೇಸ್ ಕೆಳಗಿರಲಿ. ಕಿಕ್ ಉದ್ದ ಇದ್ದರೆ ಬೇಸನ್ನು ಒಂದು ಆಕ್ಟೇವ್ (ಒಂದು ಸ್ಥಾಯಿ) ಏರಿಸಿ. ಇಲ್ಲವೇ ಸೈಡ್‌ಚೈನ್ ಹಾಕಿ, ಕಿಕ್ ಬಿದ್ದ ಗಳಿಗೆ ಬೇಸ್ ತಗ್ಗಿ ದಾರಿ ಬಿಡಲಿ. ಒಂದೇ ಸಾಲಿನಲ್ಲಿ ಇಬ್ಬರು ನಿಂತಾಗ ಒಬ್ಬರು ಸರಿದಂತೆ.

ಮೂರನೆಯದು ಮೊಬೈಲ್. ನಮ್ಮ ಜನ ಹಾಡು ಕೇಳುವುದು ಬಹುತೇಕ ಫೋನಿನಲ್ಲೇ. ಆ ಪುಟ್ಟ ಸ್ಪೀಕರ್‌ನಿಂದ 55 ಹರ್ಟ್ಸ್ ಬರುವುದೇ ಇಲ್ಲ. ಆದರೆ 110, 165, 220 ಕೇಳಿಸಿದರೆ ಸಾಕು, ಕೆಳಗಿನ 55 ಅನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಸೈನ್ ಬೇಸ್ ಮೇಲೆ ಸ್ವಲ್ಪ ಸ್ಯಾಚುರೇಶನ್ (ಶಬ್ದವನ್ನು ತುಸು ಒಡೆಯುವ ಎಫೆಕ್ಟ್) ಹಾಕಿದರೆ ಈ ಮೇಲಿನ ಸ್ವರಗಳು ಹುಟ್ಟುತ್ತವೆ. ಫೋನಿನಲ್ಲಿ ಕೇಳಿ, ಬೇಸ್‌ನ ಚಲನೆ ಗೊತ್ತಾಗುತ್ತದೆಯೇ ನೋಡಿ.

ಲೌಡ್‌ನೆಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಿಕ್ಸ್ ಮಾಡುವಾಗ ಮಾಸ್ಟರ್ ಪೀಕ್ (ಎಲ್ಲ ಶಬ್ದ ಸೇರಿದ ಸಾಲಿನ ಅತಿ ಎತ್ತರದ ಮಟ್ಟ) ಮೈನಸ್ 6 ಡೆಸಿಬಲ್ ಹತ್ತಿರ ಇರಲಿ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಆಸುಪಾಸಿಗೆ ತಂದು ನುಡಿಸುತ್ತದೆ.

6. ನಿಮ್ಮ ಊರಿನ ಶಬ್ದ ಹಿಡಿಯಿರಿ

ಎಲ್ಲರ ಹತ್ತಿರವೂ ಅದೇ ಸ್ಯಾಂಪಲ್ ಪ್ಯಾಕ್ ಇರುತ್ತದೆ. ನಮ್ಮ ಸುತ್ತ ಇರುವುದು ಅವರ ಹತ್ತಿರ ಇಲ್ಲ. ಕೆಳಗಿನ ಹೊಲಿಗೆ ಮಷಿನ್ ಶುರುವಾಗುವ ಗಳಿಗೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೇ ಹೊಡೆತ ಕತ್ತರಿಸಿ, ಹೈಹ್ಯಾಟ್ ಆಗಿ ಬಳಸುತ್ತೇನೆ. ಗಂಗಾವತಿ ಕಡೆಯವರಿಗೆ ಅಕ್ಕಿ ಗಿರಣಿ ಇದೆ, ಕೊಪ್ಪಳದ ಭಾಗ್ಯನಗರದವರಿಗೆ ಮಗ್ಗ ಇದೆ.

ಹುಲಿಗೆಮ್ಮನ ಗುಡಿಗೆ ಹುಣ್ಣಿಮೆಗೆ ಹೋದಾಗ ಚೌಡಿಕೆ ಕೇಳಿ. ತಂತಿಯನ್ನು ಬಿಗಿ ಮಾಡಿ ಸಡಿಲ ಬಿಟ್ಟಾಗ ಸ್ವರ ಜಾರುತ್ತದೆ. ನಾವು ಸಿಂಥ್‌ನಲ್ಲಿ ಗ್ಲೈಡ್ ಅಂತ ಕರೆಯುವುದು ಅದನ್ನೇ. ಒಂದು ಸಂಜೆ ನಾನು ಆ ಜಾರುವಿಕೆಯನ್ನೇ ಸೈನ್ ಬೇಸ್‌ನಲ್ಲಿ ಕೂರಿಸಲು ನೋಡಿದೆ. ಗ್ಲೈಡ್ ಸಮಯ 80 ಮಿಲಿಸೆಕೆಂಡ್ ಇಟ್ಟಾಗ ಹತ್ತಿರ ಬಂತು. ಯಾರಾದರೂ ಹಾಡುವುದನ್ನು, ಬಾರಿಸುವುದನ್ನು ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ, ಕೈಗೆ ದುಡ್ಡು ಕೊಡಿ, ಟ್ರ್ಯಾಕಿನ ಜೊತೆ ಅವರ ಹೆಸರು ಹಾಕಿ. ಅವರ ಹೊಟ್ಟೆಪಾಡು ಅದು.

ಹಲಗೆಯವರ ಲಯವನ್ನೂ ಹೀಗೇ ಬಿಚ್ಚಿ ನೋಡಿ. 124 ಬಿಪಿಎಂನಲ್ಲಿ ಬಾರಿನ ಹದಿನಾರನೇ ಒಂದು ಭಾಗ ಅಂದರೆ 121 ಮಿಲಿಸೆಕೆಂಡ್. ಮನುಷ್ಯ ಬಾರಿಸಿದ ಪೆಟ್ಟು ಆ ಗೆರೆಗಿಂತ ಕೂದಲೆಳೆ ಹಿಂದೆಯೋ ಮುಂದೆಯೋ ಬೀಳುತ್ತದೆ. ನಿಮ್ಮ ಹ್ಯಾಟ್‌ಗಳನ್ನು ಒಂದು ಬಿಟ್ಟು ಒಂದರಂತೆ 10ರಿಂದ 15 ಮಿಲಿಸೆಕೆಂಡ್ ತಡವಾಗಿ ಬೀಳುವಂತೆ ಸರಿಸಿ ಕೇಳಿ. ಅದೇ ಹ್ಯಾಟ್, ಆದರೆ ಈಗ ಕಾಲು ತಾನೇ ಆಡುತ್ತದೆ.

ಇಂಥದ್ದು ನಮ್ಮ ದೇಶದಲ್ಲಿ ಹೊಸದೇನಲ್ಲ. ಮುಂಬೈನಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರಗಳ ಜೊತೆ ಸಿಂಥ್‌ನಲ್ಲಿ ರಾಗಗಳನ್ನು ನುಡಿಸಿ ರೆಕಾರ್ಡ್ ತಂದರು. ಶಿಕಾಗೋದಲ್ಲಿ ಅದೇ ಟಿಬಿ-303ರ ಶಬ್ದದಿಂದ ಆಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತ ಹುಟ್ಟುವುದಕ್ಕೆ ಇನ್ನೂ ಕೆಲವು ವರ್ಷ ಇತ್ತು. ಗೊತ್ತಿದ್ದ ರಾಗವನ್ನು ಹೊಸ ಯಂತ್ರಕ್ಕೆ ಕೊಟ್ಟರು, ಅಷ್ಟೇ.

7. ಒಬ್ಬ ಕೇಳುಗ, ಒಂದು ಪುಸ್ತಕ

ಗೆಳೆಯರಿಗೆ ಕಳಿಸಿ "ಹೆಂಗೈತಿ?" ಅಂದರೆ "ಸೂಪರ್" ಅಂತಲೇ ಬರುತ್ತದೆ. ಅದರಿಂದ ಉಪಯೋಗ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ಅವರ ಮುಖ ನೋಡಿ. ಯಾವ ನಿಮಿಷದಲ್ಲಿ ಫೋನ್ ಕೈಗೆ ತೆಗೆದುಕೊಂಡರು ಅಂತ ಗುರುತು ಮಾಡಿಕೊಳ್ಳಿ. ಮುಗಿದ ಮೇಲೆ ಎರಡೇ ಪ್ರಶ್ನೆ: ಎಲ್ಲಿ ಬೇಜಾರಾಯ್ತು? ಯಾವ ಶಬ್ದ ನೆನಪಿದೆ? ಸಂಗೀತ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ನನಗೆ ಈಗ ಕೇಳುವವಳು ತಂಗಿ. "ಅಣ್ಣಾ, ಆ ಕೀ ಕೀ ಅನ್ನೋದು ಕಿವಿಗೆ ಚುಚ್ಚುತ್ತೆ" ಅಂದಳು. ಅನಲೈಸರ್ ನೋಡಿದರೆ 3000 ಹರ್ಟ್ಸ್ ಹತ್ತಿರ ಲೀಡ್ ಸಿಂಥ್ ಗುಡ್ಡದಂತೆ ನಿಂತಿತ್ತು.

ಪ್ರತಿ ಟ್ರ್ಯಾಕ್ ಮುಗಿದಾಗ ಪುಸ್ತಕದಲ್ಲಿ ಒಂದೇ ತಪ್ಪು ಬರೆಯಿರಿ. ಹತ್ತು ಕಂಡರೂ ಒಂದೇ, ಎಲ್ಲಕ್ಕಿಂತ ದೊಡ್ಡದು. ಮುಂದಿನ ಹದಿನೈದು ದಿನ ಅದನ್ನು ಸರಿ ಮಾಡುವುದಷ್ಟೇ ಗುರಿ. ಉಳಿದ ಒಂಬತ್ತು ಇರಲಿ. ಹಳೇ ಟ್ರ್ಯಾಕಿಗೆ ವಾಪಸ್ ಹೋಗಬೇಡಿ, ಹೊಸದರಲ್ಲಿ ತಿದ್ದಿ.

ಮತ್ತೆ, ಆರು ತಿಂಗಳಿಗೊಮ್ಮೆ ದೊಡ್ಡ ಬಾಕ್ಸಿನಲ್ಲಿ ಕೇಳಿ. ಹಬ್ಬ, ಮದುವೆ ಸೀಸನ್ ಇಲ್ಲದ ತಿಂಗಳು ನೋಡಿ ಸೌಂಡ್ ಸಿಸ್ಟಮ್‌ನವರನ್ನು ಕೇಳಿಕೊಳ್ಳಿ, ಚಹಾ ತೆಗೆದುಕೊಂಡು ಹೋಗಿ. ಪೆನ್‌ಡ್ರೈವ್‌ನಲ್ಲಿ 16 ಬಿಟ್, 44.1 ಕಿಲೋಹರ್ಟ್ಸ್‌ನ ವೇವ್ ಫೈಲ್ ಹಾಕಿಕೊಳ್ಳಿ, 24 ಬಿಟ್ ಫೈಲನ್ನು ಕೆಲವು ಪ್ಲೇಯರ್ ಓದುವುದಿಲ್ಲ. ನಿಮ್ಮ ಗುರು-ಟ್ರ್ಯಾಕನ್ನೂ ಅದರಲ್ಲಿ ಇಡಿ, ಮೊದಲು ಅದನ್ನು ಹಾಕಿಸಿ, ಆಮೇಲೆ ನಿಮ್ಮದು. ಬಾಕ್ಸಿಗೆ ಅಂಟಿಕೊಂಡು ನಿಲ್ಲಬೇಡಿ, ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ಕೇಳಿಸಿದ್ದನ್ನು ಅಲ್ಲೇ ನಿಂತು ಪುಸ್ತಕದಲ್ಲಿ ಬರೆದುಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.